ಇಪ್ಪತ್ತೇಳನೆಯ ನಟ್ಟು

ಬೆಳಿಗ್ಗೆ ಒಂಬತ್ತು ಗಂಟೆ ಹನ್ನೆರಡು ನಿಮಿಷ. ಇಷ್ಟು ಖಚಿತವಾಗಿ ಹೇಳಬಲ್ಲೆ, ಏಕೆಂದರೆ ಗಡಿಯಾರ ನನ್ನ ಕೈಯಲ್ಲಿತ್ತು. ಸಿಂಹಾಚಲಂ ಬೆಟ್ಟದ ಮೇಲೆ ಬಸ್ಸು ನಿಲ್ಲುವ ಜಾಗದಲ್ಲಿ ನನ್ನ ಗಂಡ ತಮ್ಮ ಕೈಗಡಿಯಾರ ಬಿಚ್ಚಿ ನನಗೆ ಕೊಟ್ಟು, "ಗಾಜಿಗೆ ಗೀರು ಬಿದ್ದೀತು, ಹುಷಾರಾಗಿ ಇಟ್ಕೋ. ನಾನು ಹೊರಟ ಟೈಮು, ಕೆಳಗೆ ಮುಟ್ಟಿದ ಟೈಮು ಎರಡೂ ಬರ್ಕೋ" ಎಂದರು. ಗಡಿಯಾರದ ಗಾಜಿನ ಬಗ್ಗೆ ಇಷ್ಟು ಕಾಳಜಿ ಇದ್ದ ಮನುಷ್ಯ ಮರುಕ್ಷಣವೇ, ಹ್ಯಾಂಡಲ್ಲಿನ ಮೇಲೆ ಬ್ರೇಕಿನ ಹಿಡಿಯೇ ಇಲ್ಲದ ಸೈಕಲ್ಲನ್ನು ಹತ್ತಿ ಘಾಟಿ ರಸ್ತೆಯ ಇಳಿಜಾರಿಗೆ ಬಿಟ್ಟುಕೊಂಡರು.

ಸರಿಯಾಗಿ ನೋಡಿದರೆ ಕೆಟ್ಟದ್ದು ಶುರುವಾದದ್ದು ಅದಕ್ಕೂ ಎಂಟು ದಿನ ಮೊದಲು, ನಮ್ಮ ಅಡುಗೆಮನೆಯಲ್ಲಿ. ಆಗ ನನ್ನ ಕೈಯಲ್ಲಿ ಗಡಿಯಾರ ಇರಲಿಲ್ಲ, ಪೆನ್ನಿತ್ತು. ಒಂದು ಹಾಳೆಯ ಮೇಲೆ ಇಪ್ಪತ್ತೇಳು ಎಂಬ ಸಂಖ್ಯೆಯ ಎದುರು ನಾನು ಸಹಿ ಹಾಕಿದೆ. ನೋಡದೆ ಹಾಕಿದೆ. ಇದನ್ನು ಇಲ್ಲಿ ಮೊದಲೇ ಹೇಳಿಬಿಡುತ್ತೇನೆ. ಆ ಕಾಲದಲ್ಲಿ ಹೇಳುವುದಕ್ಕೆ ಎರಡು ತಿಂಗಳು ಬೇಕಾಯಿತು, ಅಷ್ಟರಲ್ಲಿ ಒಬ್ಬ ಮುದುಕನ ಹೆಸರು ಹಾಳಾಗಿತ್ತು.

ನಾವು ಮೈಸೂರಿನ ಕಡೆಯವರು. ಬ್ಯಾಂಕು ನನ್ನ ಗಂಡನಿಗೆ ಆಫೀಸರ್ ಎಂಬ ಪದವಿ ಕೊಟ್ಟು, ಅದರ ಜೊತೆಗೆ ಆಂಧ್ರವನ್ನೂ ಕೊಟ್ಟಿತ್ತು. ಎಂಬತ್ತರ ದಶಕದ ಕೊನೆಯ ವರ್ಷಗಳು. ವಿಜಯವಾಡದ ಪಟಮಟದಲ್ಲಿ ಮಹಡಿ ಮನೆ. ವರ್ಗವಾಗಿ ಬಂದ ಬೇರೆ ಆಫೀಸರುಗಳು ಭಾನುವಾರ ಇಸ್ಪೀಟು ಆಡುತ್ತಿದ್ದರು, ಇಲ್ಲವೇ ಊರನ್ನು ನೆನೆದು ನಿಟ್ಟುಸಿರು ಬಿಡುತ್ತಿದ್ದರು. ನನ್ನ ಗಂಡನಿಗೆ ಎರಡೂ ಒಗ್ಗಲಿಲ್ಲ. ಅವರು ಹಳೆಯ ಸೈಕಲ್ಲೊಂದನ್ನು ಕಟ್ಟಲು ಹೊರಟರು. ಕೊಳ್ಳಲು ಅಲ್ಲ, ಕಟ್ಟಲು. ಅಂಗಡಿಗೆ ಹೋದರೆ ಅರ್ಧ ಗಂಟೆಯಲ್ಲಿ ಹೊಚ್ಚ ಹೊಸ ಸೈಕಲ್ ಸಿಗುವ ದೇಶದಲ್ಲಿ ಒಂದೂವರೆ ವರ್ಷ ತುಕ್ಕು ಆರಿಸಿಕೊಂಡು ತಿರುಗಿದರು.

ಕಾರಣ ಇತ್ತು. ಅವರ ಬಾಲ್ಯದಲ್ಲಿ ಶಾಲೆಯ ಹೆಡ್‌ಮಾಸ್ತರರ ಹತ್ತಿರ ಒಂದು ವಿಲಾಯ್ತಿ ಸೈಕಲ್ ಇತ್ತಂತೆ. ಹ್ಯಾಂಡಲ್ಲಿನ ಮೇಲೆ ಹಿಡಿ, ಕಂಬಿ ಏನೂ ಇಲ್ಲದೆ ನುಣ್ಣಗೆ ಹೊಳೆಯುತ್ತಿತ್ತಂತೆ. ಪೆಡಲನ್ನು ಹಿಂದಕ್ಕೆ ತುಳಿದರೆ ಸೈಕಲ್ ನಿಲ್ಲುತ್ತಿತ್ತಂತೆ. ಆ ಹೆಡ್‌ಮಾಸ್ತರರು ಶಾಲೆಯ ಗೇಟಿನೊಳಗೆ ಬಂದು, ಒಂದು ಬೆರಳನ್ನೂ ಅಲ್ಲಾಡಿಸದೆ ನಿಂತು ಇಳಿಯುತ್ತಿದ್ದುದನ್ನು ಕಂಡು ಎಂಟು ವರ್ಷದ ಒಬ್ಬ ಹುಡುಗನ ತಲೆ ಕೆಟ್ಟಿತ್ತು. ಮೂವತ್ತೈದು ದಾಟಿದ ಮೇಲೂ ಸರಿಹೋಗಿರಲಿಲ್ಲ.

ಫ್ರೇಮು ಸಿಕ್ಕಿದ್ದು ನಿವೃತ್ತ ರೈಲ್ವೆ ಡ್ರೈವರೊಬ್ಬರ ಹಿತ್ತಿಲಿನಲ್ಲಿ. ಅದರ ಮೇಲೆ ಹೀರೇಕಾಯಿ ಬಳ್ಳಿ ಹಬ್ಬಿತ್ತು. ಡ್ರೈವರು ಕೊಡಲು ಒಪ್ಪಿದರೂ ಅವರ ಹೆಂಡತಿ, ಕೊನೆಯ ಕಾಯಿ ಕೀಳುವ ತನಕ ಫ್ರೇಮನ್ನು ಮುಟ್ಟಕೂಡದು ಎಂದರು. ಹೀಗಾಗಿ ನನ್ನ ಗಂಡ ಎರಡು ತಿಂಗಳು ಪ್ರತಿ ಭಾನುವಾರ ಹೋಗಿ ಹೀರೇಕಾಯಿಯ ಆರೋಗ್ಯ ವಿಚಾರಿಸಿಕೊಂಡು ಬಂದರು. ಹ್ಯಾಂಡಲ್ಲು ಒಬ್ಬ ಹಾಲಿನವನದು. ವರ್ಷಗಟ್ಟಲೆ ಕ್ಯಾನು ಹೊತ್ತು ಎಡಕ್ಕೆ ಸ್ವಲ್ಪ ಬಾಗಿತ್ತು. ಚರ್ಮದ ಸೀಟು ಶಾಲಾ ಇನ್‌ಸ್ಪೆಕ್ಟರರೊಬ್ಬರದು. ಅವರ ಮೂವತ್ತು ವರ್ಷದ ಸೇವೆ ಅದರಲ್ಲಿ ಅಚ್ಚೊತ್ತಿತ್ತು, ನನ್ನ ಗಂಡನ ಆಕಾರವೇ ಬೇರೆ. ಮುಂದಿನ ಫೋರ್ಕು ಯಾವ ಕಾಲದ ಯಾರ ಸೈಕಲ್ಲಿನದೋ ದೇವರಿಗೇ ಗೊತ್ತು. ಅದಕ್ಕೆ ಬ್ರೇಕು ಕೂರಿಸುವ ತೂತೇ ಇರಲಿಲ್ಲ. ಇದನ್ನು ಅವರು ದೊಡ್ಡ ಅದೃಷ್ಟವೆಂದು ಬಗೆದರು.

ಇವೆಲ್ಲವನ್ನೂ ಒಟ್ಟು ಸೇರಿಸಿದವನು ಬ್ಯಾಂಕಿನ ಎದುರುಗಡೆಯೇ ಬೇವಿನ ಮರದ ಕೆಳಗೆ ಸೈಕಲ್ ಅಂಗಡಿ ಇಟ್ಟಿದ್ದ ಮುದುಕ. ಎಲ್ಲರಿಗೂ ಅವನು ತಾತ. ತೆಲುಗು ಬಿಟ್ಟರೆ ಬೇರೆ ಮಾತಿಲ್ಲ. ನನ್ನ ಗಂಡನನ್ನು 'ಆಫೀಸರುಗಾರೂ' ಎನ್ನುತ್ತಿದ್ದ, ಆ 'ಗಾರೂ'ವಿನಲ್ಲಿ ಎಷ್ಟು ಮರ್ಯಾದೆ, ಎಷ್ಟು ಗೇಲಿ ಎಂದು ಯಾರೂ ತೂಗಿ ಹೇಳಲಾಗುತ್ತಿರಲಿಲ್ಲ. ಹಿಂದಕ್ಕೆ ತುಳಿದರೆ ಬ್ರೇಕು ಹಿಡಿಯುವ, ಹಿಂದಿನ ಚಕ್ರದ ನಡುವೆ ಕೂರುವ ಆ ಹಬ್ಬು ಅವನ ಹತ್ತಿರವೇ ಇತ್ತು, ಒಂದು ಡಾಲ್ಡಾ ಡಬ್ಬಿಯಲ್ಲಿ ಸೀಮೆಎಣ್ಣೆಯೊಳಗೆ ಮುಳುಗಿ.

ಅದನ್ನು ಜೋಡಿಸಿದ ದಿನ ನಾನೂ ಅಲ್ಲಿದ್ದೆ. ಹಬ್ಬಿನ ಎಡಬದಿಯಿಂದ ಒಂದು ಚಪ್ಪಟೆ ಕಬ್ಬಿಣದ ತೋಳು ಚಾಚಿಕೊಂಡಿತ್ತು. ತಾತ ಅದನ್ನು ಬೆರಳಿನಿಂದ ತಟ್ಟಿ ತನ್ನ ತೆಲುಗಿನಲ್ಲಿ ಹೇಳಿದ: "ಈ ಕೈ ನೋಡಿದಿರಾ ಅಮ್ಮಾ? ಹಿಂದಕ್ಕೆ ತುಳಿದಾಗ ಹೊಟ್ಟೆಯೊಳಗೆ ಬ್ರೇಕು ಬಿಗಿಯುತ್ತೆ. ಚಕ್ರದ ಜೊತೆ ಅದೂ ಸುತ್ತಿಕೊಂಡು ಹೋಗಬಾರದು ಅಂತ ಈ ಕೈ ಫ್ರೇಮಿನ ಪೈಪನ್ನು ಹಿಡಿದುಕೊಂಡಿರುತ್ತೆ. ಪೈಪಿಗೆ ಒಂದು ಪಟ್ಟಿ, ಪಟ್ಟಿಗೆ ಒಂದು ಬೋಲ್ಟು, ಒಂದು ನಟ್ಟು. ಅದು ಬಿತ್ತೋ, ಬ್ರೇಕು ಇಲ್ಲ."

ಆ ನಟ್ಟು ಹಳೆಯ ಇಂಗ್ಲಿಷ್ ಅಳತೆಯದು. ನಟ್ಟು ಬಿಗಿಯುವ ಈಗಿನ ಪಾನಾಗಳಲ್ಲಿ ಒಂದು ಅದಕ್ಕೆ ಹೋಗುವುದೇ ಇಲ್ಲ, ಅದಕ್ಕಿಂತ ಒಂದು ಅಳತೆ ದೊಡ್ಡದು ಹಾಕಿದರೆ ಜಾರುತ್ತದೆ. ಸರಿಯಾದ ಪಾನಾ ತಾತನ ಅಂಗಡಿಯ ಮೊಳೆಗೆ ತೂಗುಹಾಕಿತ್ತು, ಕಪ್ಪಗೆ, ಗೇಣುದ್ದ.

"ಮುಂದೆ ಒಂದು ಬ್ರೇಕು ಹಾಕಿಸಿಕೊಳ್ಳಿ ಸಾರ್. ಫೋರ್ಕಿಗೆ ತೂತು ನಾನು ಕೊರೆದು ಕೊಡ್ತೀನಿ."

"ವದ್ದು ತಾತಾ. ಹ್ಯಾಂಡಲ್ಲಿನ ಅಂದ ಕೆಡುತ್ತೆ."

"ಮುಖದ ಅಂದ ಕೆಡೋದಕ್ಕಿಂತ ವಾಸಿ."

ನನ್ನ ಗಂಡ ನಕ್ಕರು. ಪಟಮಟದ ರಸ್ತೆಗಳು ಚಪಾತಿ ಮಣೆಯಷ್ಟು ಚಪ್ಪಟೆ. ಅಲ್ಲಿ ಆ ಸೈಕಲ್ಲು ಮೂರು ವಾರ ಚೆನ್ನಾಗಿಯೇ ಓಡಿತು. ಅವರು ಬ್ಯಾಂಕಿನ ಗೇಟಿನೊಳಗೆ ಬಂದು, ಒಂದು ಬೆರಳನ್ನೂ ಅಲ್ಲಾಡಿಸದೆ ನಿಂತು ಇಳಿಯುತ್ತಿದ್ದರು. ಮೂರನೆಯ ವಾರದ ಕೊನೆಗೆ ಬ್ಯಾಂಕಿನವರಿಗೆ ನಮ್ಮ ಸಂತೋಷ ಗೊತ್ತಾಗಿರಬೇಕು. ವಿಶಾಖಪಟ್ಟಣಕ್ಕೆ ವರ್ಗವಾಯಿತು.

ಲಾರಿಯಲ್ಲಿ ಹಾಳಾಗಬಾರದೆಂದು ಸೈಕಲ್ಲನ್ನು ಪೂರ್ತಿ ಬಿಚ್ಚಿ, ಗೋಣಿಯಲ್ಲಿ ಸುತ್ತಿ, ನನ್ನ ಬೀರುವಿಗಿಂತ ಜೋಪಾನವಾಗಿ ಸಾಗಿಸಲಾಯಿತು. ಬೀರುವಿನ ಕನ್ನಡಿ ಒಡೆಯಿತು. ಎಂವಿಪಿ ಕಾಲೋನಿಯ ಹೊಸ ಮನೆಯ ವರಾಂಡದಲ್ಲಿ ಗೋಣಿ ಬಿಚ್ಚಿದಾಗ, ಮತ್ತೆ ಜೋಡಿಸಲು ತಾತ ಇಲ್ಲ ಎಂಬ ಸಂಗತಿ ನಮಗೆ ಹೊಳೆಯಿತು. ನನ್ನ ಗಂಡ ಎದೆಗುಂದಲಿಲ್ಲ. ಬ್ಯಾಂಕಿನಲ್ಲಿ ಒಂದು ಪದ್ಧತಿ ಇದೆ. ಯಾವ ಕೆಲಸವನ್ನೂ ಒಬ್ಬನೇ ಮಾಡಿ ಮುಗಿಸುವ ಹಾಗಿಲ್ಲ. ಒಬ್ಬ ಮಾಡಬೇಕು, ಇನ್ನೊಬ್ಬ ನೋಡಬೇಕು, ಇಬ್ಬರೂ ಸಹಿ ಹಾಕಬೇಕು. ತಿಜೋರಿಗೂ ಎರಡು ಕೀಲಿ, ಇಬ್ಬರು ಆಫೀಸರುಗಳ ಹತ್ತಿರ.

"ಇಡೀ ಬ್ಯಾಂಕು ಇದರ ಮೇಲೆ ನಿಂತಿದೆ ಕಣೆ. ಒಂದು ಸೈಕಲ್ಲು ನಿಲ್ಲಲ್ವಾ?"

ಹಾಳೆಯ ಮೇಲೆ ಗೆರೆ ಹೊಡೆದರು. ಒಟ್ಟು ಮೂವತ್ತೊಂದು ನಟ್ಟು. ಪ್ರತಿಯೊಂದಕ್ಕೂ ಸಂಖ್ಯೆ. ಎದುರಿಗೆ ಎರಡು ಮನೆ: 'ಬಿಗಿದವರು', 'ನೋಡಿದವರು'. ಭೌತಶಾಸ್ತ್ರದ ಬಿ.ಎಸ್ಸಿ. ಆಗಿದ್ದರಿಂದ ನೋಡುವ ಅರ್ಹತೆ ನನಗಿತ್ತು. ಅಷ್ಟು ವರ್ಷದಲ್ಲಿ ನನ್ನ ಡಿಗ್ರಿಗೆ ಸಿಕ್ಕ ಮೊದಲ ಉದ್ಯೋಗ ಅದು.

ಮೊದಲ ಇಪ್ಪತ್ತೈದನ್ನು ನಾನು ನಿಜವಾಗಿ ನೋಡಿದೆ. ಪಾನಾ ಹಾಕಿ ಎಳೆದು, ಅಲ್ಲಾಡುವುದಿಲ್ಲ ಎಂದು ಖಾತ್ರಿ ಮಾಡಿಕೊಂಡು ಸಹಿ ಹಾಕಿದೆ. ಕೊನೆಯ ಆರು ಬಾಕಿ ಇದ್ದಾಗ ಅವರು ಹಾಳೆಯನ್ನು ಅಡುಗೆಮನೆಗೆ ತಂದರು. ನಾನು ರೊಟ್ಟಿ ತಟ್ಟುತ್ತಿದ್ದೆ. ಎಡಗಡೆಯ ಮನೆಗಳಲ್ಲಿ ಅವರ ಸಹಿ ಸಾಲಾಗಿ, ಅಂದವಾಗಿ ಇತ್ತು. ಬಲಗಡೆ ಆರು ಖಾಲಿ ಮನೆ.

"ಆಮೇಲೆ ಬಂದು ನೋಡ್ತೀನಿ ರೀ, ಕೈಯೆಲ್ಲಾ ಹಿಟ್ಟು."

"ನೋಡು, ಪರವಾಗಿಲ್ಲ, ಅವಸರ ಇಲ್ಲ" ಎಂದು ಅವರು ಹಾಳೆ ಹಿಡಿದುಕೊಂಡು ಅಲ್ಲೇ ನಿಂತರು.

ಅವಸರ ಇಲ್ಲ ಎಂದು ಹೇಳಿ ಅಲ್ಲೇ ನಿಲ್ಲುವ ಮನುಷ್ಯನನ್ನು ಎಷ್ಟು ಹೊತ್ತು ನಿಲ್ಲಿಸಬಹುದು? ಪೆನ್ನು ತೆಗೆದುಕೊಂಡು ಇಪ್ಪತ್ತಾರರಿಂದ ಮೂವತ್ತೊಂದರವರೆಗೆ ಆರೂ ಸಹಿ ಒಟ್ಟಿಗೆ ಹಾಕಿದೆ. ಹಾಳೆಯ ಮೇಲೆ ಹಿಟ್ಟಿನ ಹೆಬ್ಬೆಟ್ಟು ಮೂಡಿತು. ಇಪ್ಪತ್ತೇಳು ಎಂದರೆ ತಾತ ತಟ್ಟಿ ತೋರಿಸಿದ್ದ ಆ ಕಬ್ಬಿಣದ ಕೈಯ ಪಟ್ಟಿಯ ನಟ್ಟು.

ಹೊಸ ವಾಹನಕ್ಕೆ ಪೂಜೆ ಆಗಬೇಕಲ್ಲ. ನಮ್ಮದು ಹೊಸದೂ ಅಲ್ಲ, ಸರಿಯಾಗಿ ವಾಹನವೂ ಅಲ್ಲ. ಆದರೂ ಮುಂದಿನ ಭಾನುವಾರ ಸೈಕಲ್ಲು ಬಸ್ಸಿನ ಟಾಪಿನ ಮೇಲೆ ಮಲಗಿಕೊಂಡು ಸಿಂಹಾಚಲಂ ಬೆಟ್ಟ ಹತ್ತಿತು. ನಮ್ಮ ಕೆಳಗಿನ ಮನೆಯಲ್ಲಿದ್ದ ಧಾರವಾಡದ ಆಫೀಸರು ತಮ್ಮ ಸ್ಕೂಟರಿನಲ್ಲಿ ಹಿಂದೆ ಬಂದರು. ಅರ್ಚಕರು ಸೀಟಿಗೆ, ಚಕ್ರಕ್ಕೆ, ಹ್ಯಾಂಡಲ್ಲಿಗೆ ಕುಂಕುಮ ಇಟ್ಟು, ಇನ್ನೂ ಏನನ್ನೋ ಹುಡುಕುತ್ತಾ, "ಬ್ರೇಕು ಎಕ್ಕಡ?" ಎಂದರು. ಬ್ರೇಕು ಹೊರಗೆ ಕಾಣುವುದಿಲ್ಲ, ಒಳಗಿದೆ ಎಂದು ನನ್ನ ಗಂಡ ಹೆಮ್ಮೆಯಿಂದ ವಿವರಿಸಿದರು. ಅರ್ಚಕರು ಒಂದು ಕ್ಷಣ ಅವರ ಮುಖ ನೋಡಿ, ಚಕ್ರದ ಕೆಳಗಿಡಲು ಎರಡರ ಬದಲು ನಾಲ್ಕು ನಿಂಬೆಹಣ್ಣು ಕೊಟ್ಟರು.

ನಾನು ಸ್ಕೂಟರಿನ ಹಿಂದೆ ಕುಳಿತೆ. ಒಂಬತ್ತು ಹನ್ನೆರಡು. ಸೈಕಲ್ಲು ಹೊರಟಿತು.

ಮೊದಲ ತಿರುವಿನಲ್ಲಿ ಅವರು ಹಿಂದಕ್ಕೆ ತುಳಿದರು, ಬ್ರೇಕು ಹಿಡಿಯಿತು. ನಮ್ಮ ಕಡೆ ತಿರುಗಿ ನಕ್ಕರು. ಆ ನಗು ನನಗೆ ಈಗಲೂ ಹಾಗೆಯೇ ಕಾಣುತ್ತದೆ, ಎಂಟು ವರ್ಷದ ಹುಡುಗನ ನಗು. ಎರಡನೆಯ ತಿರುವಿನ ಹತ್ತಿರ ಮತ್ತೆ ತುಳಿದರು. ಆಗ ಹಿಂದಿನ ಚಕ್ರದ ಹತ್ತಿರದಿಂದ ಸಣ್ಣದೊಂದು ವಸ್ತು ಬಿಸಿಲಿಗೆ ಮಿಂಚಿ ಕೆಳಗೆ ಬಿತ್ತು, ಟಾರಿನ ಮೇಲೆ ಎರಡು ಸಲ ಪುಟಿದು ಚರಂಡಿಯ ಕಡೆ ಉರುಳಿತು. ನಾನು ಅದನ್ನು ನೋಡಿದೆ. ಏನೋ ಬಿತ್ತಲ್ಲ ಎಂದು ಕೂಡ ಅಂದುಕೊಂಡೆ. ಬಾಯಿ ತೆರೆಯಲಿಲ್ಲ. ಇಷ್ಟು ಓದಿದ ಹೆಂಗಸಿಗೆ ಸೈಕಲ್ಲಿನಿಂದ ಬಿದ್ದದ್ದು ಸೈಕಲ್ಲಿಗೆ ಬೇಕಾದದ್ದು ಎಂದು ಹೊಳೆಯಲು ಆರೇಳು ಸೆಕೆಂಡು ಹಿಡಿಯಿತು.

ಅಷ್ಟರಲ್ಲಿ ಅವರ ಕಾಲುಗಳು ಹಿಂದಕ್ಕೆ ಹಿಂದಕ್ಕೆ ಸುತ್ತತೊಡಗಿದ್ದವು, ನೂಲುವ ಚರಕದಂತೆ, ಯಾವ ಪ್ರಯೋಜನವೂ ಇಲ್ಲದೆ. ಆ ಕಬ್ಬಿಣದ ಕೈ ಪೈಪನ್ನು ಬಿಟ್ಟು ಕೆಳಗೆ ಜೋತು, ಕಟಕಟ ಎಂದು ಬಡಿಯುತ್ತಿತ್ತು. ಸೈಕಲ್ಲು ನಮ್ಮಿಂದ ದೂರ ಹೋಗುತ್ತಾ ಚಿಕ್ಕದಾಗುತ್ತಿತ್ತು.

"ಜೋರಾಗಿ ಓಡಿಸ್ರಿ!" ಎಂದು ನಾನು ಕಿರುಚಿದೆ.

"ಘಾಟಿನ್ಯಾಗ ಇಪ್ಪತ್ತರ ಮ್ಯಾಲ ನಾ ಹೋಗಂಗಿಲ್ಲ ನೋಡ್ರಿ ವೈನಿ, ಗಾಡಿ ಇನ್ನೂ ಹೊಸದೈತಿ" ಎಂದರು ಧಾರವಾಡದವರು, ತಣ್ಣಗೆ.

"ಅವರಿಗೆ ಬ್ರೇಕು ಹಿಡೀತಿಲ್ಲ!"

"ಹಾಂ? ಹಂಗಾದ್ರ ಅಷ್ಟು ಜೋರ್ ಯಾಕ ಹೊಂಟಾರ ಅವರು?"

ಮೂರನೆಯ ತಿರುವಿಗೆ ಮೇಲಕ್ಕೆ ಬರುತ್ತಿದ್ದ ಬಸ್ಸು ಎದುರಾಯಿತು. ಒಂದು ಕಡೆ ಬಸ್ಸು, ಇನ್ನೊಂದು ಕಡೆ ಮೊಣಕಾಲೆತ್ತರದ ಕಲ್ಲಿನ ಕಟ್ಟೆ, ಕಟ್ಟೆಯ ಆಚೆ ಬರೀ ಮರಗಳ ತುದಿ. ನಡುವೆ ಇದ್ದ ಜಾಗವನ್ನು ನಾನು ಆಮೇಲೆ ಎಷ್ಟೋ ಸಲ ಅಳೆದಿದ್ದೇನೆ. ಕೆಲವು ರಾತ್ರಿ ಅದು ಎರಡು ಮೊಳ, ಕೆಲವು ರಾತ್ರಿ ಒಂದೇ. ಹಾಲಿನವನ ಹ್ಯಾಂಡಲ್ಲು ಎಡಕ್ಕೆ ಬಾಗದೆ ನೆಟ್ಟಗಿದ್ದಿದ್ದರೆ ಬಲತುದಿ ಬಸ್ಸಿಗೆ ತಾಗುತ್ತಿತ್ತು ಎಂದು ನನ್ನ ಗಂಡ ಮುಂದೆ ವಿವರಿಸುತ್ತಿದ್ದರು, ಅದನ್ನೂ ಒಂದು ಯೋಜನೆಯೆಂಬಂತೆ. ಆ ಕ್ಷಣಕ್ಕೆ ನಾನು ಕಂಡದ್ದು ಬಸ್ಸನ್ನು ಮಾತ್ರ. ಬಸ್ಸು ಪೂರ್ತಿ ದಾಟುವವರೆಗೆ ಅದರ ಹಿಂದೆ ನನ್ನ ಗಂಡ ಇದ್ದಾರೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಆ ಬಸ್ಸು ನನ್ನ ಲೆಕ್ಕದಲ್ಲಿ ಇನ್ನೂ ಪೂರ್ತಿ ದಾಟಿಲ್ಲ.

ಬಸ್ಸು ಹೋದ ಮೇಲೆ ರಸ್ತೆ ಖಾಲಿ.

ನಾಲ್ಕನೆಯ ತಿರುವಿನಲ್ಲಿ, ಬೆಟ್ಟದ ಮಗ್ಗುಲಿಗೆ, ಒಬ್ಬ ಹೆಂಗಸು ಅನಾನಸು ಮಾರುತ್ತಿದ್ದಳು. ಪಕ್ಕದಲ್ಲಿ ಎದೆಯೆತ್ತರ ಅನಾನಸಿನ ಸಿಪ್ಪೆ, ಜುಟ್ಟು, ಒಣಹುಲ್ಲಿನ ರಾಶಿ. ನನ್ನ ಗಂಡ ಆ ರಾಶಿಯಲ್ಲಿದ್ದರು. ಸೈಕಲ್ಲಿನ ಹಿಂದಿನ ಚಕ್ರ ಮಾತ್ರ ಹೊರಗೆ ಇಣುಕಿ ಇನ್ನೂ ತಿರುಗುತ್ತಿತ್ತು.

"ಕನಪಡಲೇದಾ ಬಾಬೂ, ಕನಪಡಲೇದಾ?" ಕಾಣಲಿಲ್ಲವೇ, ಇಷ್ಟು ದೊಡ್ಡ ನಾನು ಇಲ್ಲಿ ಕೂತಿರುವುದು ಕಾಣಲಿಲ್ಲವೇ ಎಂದು ಆಕೆ ಕೂಗುತ್ತಿದ್ದಳು. ಅವರು ಎದ್ದು ಕುಳಿತರು. ಮೈಯೆಲ್ಲ ತರಚು, ಅಂಗಿಯ ತೋಳು ಹರಿದಿತ್ತು, ಹುಬ್ಬಿನ ಮೇಲೆ ರಕ್ತ. ಅವರು ನಡುಗುತ್ತಿರುವುದನ್ನು ಕಂಡ ಆಕೆ ಬೈಗುಳದ ಮಧ್ಯದಲ್ಲೇ ಒಂದು ಹಣ್ಣು ಹೆಚ್ಚಿ, ಉಪ್ಪು ಕಾರ ಸವರಿ, ಅವರ ಕೈಗಿಟ್ಟು, "ತಿನು ಬಾಬೂ, ತಿನು" ಎಂದಳು. ಅವರು ತಿನ್ನುತ್ತಾ ನನ್ನನ್ನು ನೋಡಿ ಕೇಳಿದ ಮೊದಲ ಮಾತು:

"ಟೈಮ್ ಎಷ್ಟು?"

ಒಂಬತ್ತು ಹದಿನಾರು. ನಾಲ್ಕೇ ನಿಮಿಷ.

ಧಾರವಾಡದವರು ಸೈಕಲ್ಲನ್ನು ಎಳೆದು ನಿಲ್ಲಿಸಿ, ಜೋತಾಡುವ ಕಬ್ಬಿಣದ ಕೈಯನ್ನು ಎತ್ತಿ ನೋಡಿ, "ಬೋಲ್ಟೇ ಇಲ್ಲಲ್ರೀ ಸಾಹೇಬ್ರ. ಎಲ್ಲಿ ಉದುರಿಸಿದ್ರಿ?" ಎಂದರು. ನನ್ನ ಗಂಡ ಹಣ್ಣು ಅಗಿಯುವುದನ್ನು ನಿಲ್ಲಿಸಿದರು. ನಾನು ಗಡಿಯಾರ ನೋಡುತ್ತಾ ನಿಂತೆ. ಆಮೇಲೆ ನನ್ನ ಗಂಡ ಹೇಳಿದರು: "ಆ ಮುದುಕ. ಸವೆದ ಬೋಲ್ಟು ಹಾಕಿ ಕಳಿಸಿದ್ದಾನೆ."

ನಾನು ಏನೂ ಹೇಳಲಿಲ್ಲ. ಹೇಳಲು ಆಗಲೇ ಎಷ್ಟು ಒಳ್ಳೆಯ ಅವಕಾಶ ಇತ್ತು.

ಆ ವಾರವೇ ಅವರು ತಾತನಿಗೆ ಒಂದು ಪತ್ರ ಬರೆದರು. ತೆಲುಗಲ್ಲದೆ ಬೇರೆ ಭಾಷೆ ಬಾರದ ಮನುಷ್ಯನಿಗೆ ಇಂಗ್ಲಿಷಿನಲ್ಲಿ, ಮೂರು ಪ್ಯಾರಾ. ಅಂಚೆಗೆ ಹಾಕಲು ನನ್ನ ಕೈಗೆ ಕೊಟ್ಟರು. ಅದನ್ನು ಅಕ್ಕಿ ಡಬ್ಬದಲ್ಲಿ ಅಡಗಿಸಿದೆ. ಅಷ್ಟು ಮಾಡಿ, ನನ್ನ ಪಾಲಿನ ನ್ಯಾಯ ಮುಗಿಯಿತೆಂದು ಸ್ವಲ್ಪ ದಿನ ನಂಬಿಕೊಂಡೂ ಇದ್ದೆ. ಆದರೆ ಪತ್ರ ತಡೆದರೆ ಬಾಯಿ ತಡೆಯಲಾದೀತೇ? ತಿಂಗಳಿಗೊಮ್ಮೆ ನಮ್ಮ ಕನ್ನಡದ ಮನೆಗಳವರು ಸೇರಿ ಬಿಸಿಬೇಳೆಭಾತು ತಿನ್ನುವ ರೂಢಿ ಇತ್ತು. ಅಲ್ಲಿ ಕಥೆ ಬೆಳೆಯಿತು. ಮೊದಲ ತಿಂಗಳು ಸವೆದ ಬೋಲ್ಟು. ಎರಡನೆಯ ತಿಂಗಳಿಗೆ, ವಿಜಯವಾಡದಲ್ಲಿ ಒಬ್ಬ ಮೆಕ್ಯಾನಿಕ್ಕು ಗಿರಾಕಿಗಳ ಒಳ್ಳೆ ಬೋಲ್ಟು ಕದ್ದು ಹಳೆಯದು ಹಾಕುತ್ತಾನೆ. ಯಾರು ಸೇರಿಸಿದರು ಎಂದು ಕೇಳಿದರೆ ಯಾರೂ ಅಲ್ಲ. ಕೆಲಸದ ಮೇಲೆ ಹೋಗಿಬರುವವರ ಬಾಯಲ್ಲಿ ಕಥೆ ವಿಜಯವಾಡದ ಬ್ಯಾಂಕನ್ನೂ ಮುಟ್ಟಿತು.

ನಿದ್ದೆ ಹೋಗಿ ಬಹಳ ದಿನವಾಗಿತ್ತು. ಕಣ್ಣು ಮುಚ್ಚಿದರೆ ಬೋಲ್ಟು ಮಿಂಚುತ್ತಿತ್ತು, ಎರಡು ಸಲ ಪುಟಿಯುತ್ತಿತ್ತು. ಬೆಟ್ಟದ ಎತ್ತರ ಇಷ್ಟಾದರೆ ನಾಲ್ಕನೆಯ ತಿರುವಿನಲ್ಲಿ ವೇಗ ಎಷ್ಟು ಎಂದು ಕಾಲೇಜಿನ ಸೂತ್ರ ಹಾಕಿ ಲೆಕ್ಕ ಮಾಡುತ್ತಿದ್ದೆ. ಗಾಳಿಯ ತಡೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ಉತ್ತರವಾಗಿ ಬರುತ್ತಿದ್ದ ವೇಗ ಅನಾನಸಿನ ರಾಶಿ ತಡೆಯುವಂಥದ್ದಾಗಿರಲಿಲ್ಲ. ಪಕ್ಕದಲ್ಲಿ ಅವರ ಉಸಿರು ತುಂಬಾ ಕ್ರಮಬದ್ಧವಾಗಿತ್ತು. ನಿದ್ದೆ ಮಾಡುವವರು ಯಾರೂ ಅಷ್ಟು ಶಿಸ್ತಾಗಿ ಉಸಿರಾಡುವುದಿಲ್ಲ. ಅವರೂ ಎಚ್ಚರವಿದ್ದಾರೆ ಎಂದು ನನಗೆ ಗೊತ್ತಿತ್ತು, ನಾನೂ ಎಚ್ಚರವಿದ್ದೇನೆ ಎಂದು ಅವರಿಗೂ. ಅವರ ಎಚ್ಚರ ಬೆಟ್ಟದ ಹೆದರಿಕೆಗೆ ಎಂದುಕೊಂಡಿದ್ದೆ.

ಧಾರವಾಡದವರು ಕೆಲಸದ ಮೇಲೆ ವಿಜಯವಾಡಕ್ಕೆ ಹೋಗಿ ಬಂದರು. ಮರುದಿನ ಮಧ್ಯಾಹ್ನ ಊಟದ ಹೊತ್ತಿಗೆ ಬಾಗಿಲಲ್ಲಿ ನಿಂತು ಖುಷಿಯಿಂದ ಹೇಳಿದರು: "ನಿಮ್ಮ ಮುದುಕಗ ಛಲೋ ಬುದ್ಧಿ ಬಂತ್ ನೋಡ್ರಿ ಸಾಹೇಬ್ರ. ಬ್ಯಾಂಕಿನ ಮಂದಿ ಒಬ್ಬರೂ ಅವನ ಅಂಗಡಿ ಕಡೆ ಹಾಯಂಗಿಲ್ಲ. ಶಾಲಿ ಹುಡುಗ್ರು ಸೈತ ಬಿಟ್ಟಾರಂತ. ಬೇವಿನ ಗಿಡದ ಬುಡಕ ನೊಣಾ ಹೊಡಕೋತ ಕುಂತಾನ."

ಅವರು ಹೋದ ಮೇಲೆ ನನ್ನ ಗಂಡ ಅನ್ನ ಕಲಸಿದರು. ತಿನ್ನಲಿಲ್ಲ. ನಾನು ಒಳಗೆ ಹೋಗಿ ಹಾಳೆ ತಂದು ಅವರ ತಟ್ಟೆಯ ಪಕ್ಕ ಇಟ್ಟೆ. ಹಿಟ್ಟಿನ ಹೆಬ್ಬೆಟ್ಟು ಒಣಗಿ ಬಿಳಿ ಹೊಪ್ಪಳೆಯಾಗಿತ್ತು.

"ಇಪ್ಪತ್ತೇಳು ನಾನು ನೋಡಲೇ ಇಲ್ಲ ರೀ. ಆರೂ ನೋಡಲಿಲ್ಲ. ಅಲ್ಲೇ ಕೂತು ಸಹಿ ಹಾಕಿದೆ. ಬೋಲ್ಟು ಬಿದ್ದದ್ದನ್ನೂ ಕಣ್ಣಾರೆ ನೋಡಿದೆ. ನಿಮ್ಮನ್ನ ಕೊಂದೇಬಿಡ್ತಿದ್ದೆ. ಆ ತಾತ ಏನೂ ಮಾಡಿಲ್ಲ."

ಅವರು ಹಾಳೆಯನ್ನು ಬಹಳ ಹೊತ್ತು ನೋಡಿದರು. ಕೂಗುತ್ತಾರೆ ಎಂದುಕೊಂಡೆ.

"ನಾನು ಬಿಗಿಯಲೇ ಇಲ್ಲ" ಎಂದರು.

"ಏನು?"

"ನಮ್ಮ ಹತ್ರ ಇದ್ದ ಯಾವ ಪಾನಾನೂ ಅದಕ್ಕೆ ಹಿಡೀಲಿಲ್ಲ ಕಣೆ. ಬೆರಳಲ್ಲಿ ತಿರುಗಿಸಿಟ್ಟೆ. ಪೇಟೇಲಿ ಪಾನಾ ಹುಡುಕೋಣ ಅಂತಿದ್ದೆ. ಆದ್ರೆ ಮೂವತ್ತು ಸಹಿ ಆಗಿ ಮಧ್ಯೆ ಒಂದು ಮನೆ ಖಾಲಿ ಇದ್ರೆ ನೋಡೋಕೆ ಚೆನ್ನಾಗಿರಲ್ಲ ಅಂತ ಹಾಕ್ಬಿಟ್ಟೆ." ಸ್ವಲ್ಪ ತಡೆದು, "ಹೇಗೂ ನೀನು ನೋಡ್ತೀಯಲ್ಲ ಅಂತ."

"ನೀವು ಬಿಗಿದಿರ್ತೀರಲ್ಲ ಅಂತ ನಾನು."

ಇಡೀ ಬ್ಯಾಂಕು ನಿಂತಿರುವ ಪದ್ಧತಿ. ಅಂದಿನಿಂದ ನನ್ನ ಉಳಿತಾಯವನ್ನೆಲ್ಲ ಅಂಚೆ ಕಚೇರಿಯಲ್ಲಿ ಇಟ್ಟಿದ್ದೇನೆ.

ಅವರಿಗೆ ಬೆಟ್ಟದ ಮೇಲೆಯೇ ಗೊತ್ತಾಗಿತ್ತು, ಹಣ್ಣು ಅಗಿಯುವುದನ್ನು ನಿಲ್ಲಿಸಿದ ಆ ಗಳಿಗೆಯಲ್ಲಿ. ಎರಡು ತಿಂಗಳು ಒಂದೇ ಹಾಸಿಗೆಯಲ್ಲಿ ಒಂದೇ ನಟ್ಟನ್ನು ಇಬ್ಬರೂ ಬೇರೆಬೇರೆಯಾಗಿ ಬಿಗಿಯುತ್ತಾ ಮಲಗಿದ್ದೆವು.

ಮುಂದಿನ ಶುಕ್ರವಾರ ಸೈಕಲ್ಲನ್ನು ರೈಲಿನ ಲಗೇಜು ಡಬ್ಬಿಗೆ ಹಾಕಿಸಿ ವಿಜಯವಾಡಕ್ಕೆ ಹೋದೆವು. ಬೇವಿನ ಮರದ ಕೆಳಗೆ ತಾತ ಒಬ್ಬನೇ ಕುಳಿತಿದ್ದ. ಎದ್ದೇಳಲಿಲ್ಲ. ಎಂದಿನ 'ಆಫೀಸರುಗಾರೂ' ಬರಲಿಲ್ಲ. ನನ್ನ ಗಂಡ ತಮ್ಮ ಬ್ಯಾಂಕಿನ ತೆಲುಗಿನಲ್ಲಿ ಎಲ್ಲವನ್ನೂ ಹೇಳಿದರು. ತಪ್ಪಿದ ಕಡೆ ನಾನು ಸೇರಿಸಿದೆ. ಸಹಿಯ ಹಾಳೆಯನ್ನೂ ತೋರಿಸಿದೆವು. ತಾತ ಅದನ್ನು ದೂರ ಹಿಡಿದು ನೋಡಿದ. ಸಹಿಗೆ ಅವರ ಭಾಷೆಯಲ್ಲಿ ಸಂತಕ ಎನ್ನುತ್ತಾರೆ.

"ಇಬ್ಬರ ಸಂತಕವೂ ಇದೆಯಾ?"

"ಇದೆ ತಾತಾ."

"ಹಾಗಾದರೆ ಬೋಲ್ಟು ಬೀಳಬಾರದಿತ್ತಲ್ಲ ಅಮ್ಮಾ!"

ಅವನು ಮೊಳೆಯಿಂದ ಆ ಕಪ್ಪು ಪಾನಾ ಇಳಿಸಿದ. "ಸುದ್ದಿ ಕೇಳಿದ ದಿನವೇ ನನಗೆ ಗೊತ್ತಾಯಿತು. ಪಾನಾ ಇಲ್ಲಿದೆ, ನಟ್ಟು ಅಲ್ಲಿದೆ. ಅಲ್ಲಿ ಯಾರು ಬಿಗಿದಿರುತ್ತಾರೆ? ಆದರೆ ನಾನು ಹೇಳಿದರೆ ಯಾರು ಕೇಳ್ತಾರೆ? ನೀವು ಆಫೀಸರು." ಬ್ಯಾಂಕಿನ ಗೇಟಿನ ಕಡೆ ಪಾನಾ ತೋರಿಸಿದ. "ನನಗೆ ಹೇಳಿ ಏನು ಪ್ರಯೋಜನ ಸಾರ್? ನನಗೆ ಮೊದಲೇ ಗೊತ್ತು. ಅವರಿಗೆ ಹೇಳಿ."

ನಾಲ್ಕು ಗಂಟೆಗೆ ಬ್ಯಾಂಕಿನವರು ಟೀಗೆ ಹೊರಗೆ ಬರುತ್ತಾರೆ. ಅದುವರೆಗೆ ತಾತ ಫೋರ್ಕಿಗೆ ತೂತು ಕೊರೆದು ಮುಂದಿನ ಬ್ರೇಕು ಕೂರಿಸಿದ. ಹ್ಯಾಂಡಲ್ಲಿನ ಅಂದ ಕೆಟ್ಟಿತು. ಇಪ್ಪತ್ತೇಳಕ್ಕೆ ಹೊಸ ಬೋಲ್ಟು ಹಾಕಿ, ಪಾನಾವನ್ನು ನನ್ನ ಗಂಡನ ಕೈಗೆ ಕೊಟ್ಟು ಬಿಗಿಸಿದ. ಆಮೇಲೆ ನನ್ನ ಕಡೆ ತಿರುಗಿದ.

"ನೋಡಿದವರು ನೀವಲ್ಲವಾ ಅಮ್ಮಾ? ನನ್ನ ಅಂಗಡಿಯಲ್ಲಿ ನೋಡುವುದು ಅಂದರೆ ಹತ್ತಿ ಓಡಿಸುವುದು. ಕಾಲುವೆ ತನಕ ಹೋಗಿ ಬನ್ನಿ."

ಟೀ ಲೋಟ ಹಿಡಿದು ಬ್ಯಾಂಕಿನ ಏಳೆಂಟು ಜನ ಆಗಲೇ ಗೇಟಿನ ಹತ್ತಿರ ನಿಂತಿದ್ದರು. ಮದುವೆಯಾದ ಮೇಲೆ ಸೈಕಲ್ ಮುಟ್ಟಿರದ, ಸೀರೆಯುಟ್ಟ ನಾನು, ಇನ್‌ಸ್ಪೆಕ್ಟರರ ಆಕಾರದ ಸೀಟಿನ ಮೇಲೆ ಕುಳಿತು, ಗಂಡಸರ ಸೈಕಲ್ಲಿನ ಆ ಅಡ್ಡ ಪೈಪಿನ ಜೊತೆ ಹೇಗೆ ಹೊಂದಿಕೊಂಡೆ ಎಂಬುದನ್ನು ಬರೆಯುವುದಿಲ್ಲ. ಕಾಲುವೆಯ ಕಟ್ಟೆಯ ಹತ್ತಿರ ಸಣ್ಣ ಇಳಿಜಾರು. ಹಿಂದಕ್ಕೆ ತುಳಿದೆ. ನಿಂತಿತು. ಮತ್ತೆ ಬಿಟ್ಟು, ಮತ್ತೆ ತುಳಿದೆ. ನಿಂತಿತು. ಹೀಗೆ ಎಷ್ಟು ಸಲ ಮಾಡಿದೆನೋ, ಎಮ್ಮೆ ಮೈ ತೊಳೆಯುತ್ತಿದ್ದವನು ಕೆಲಸ ಬಿಟ್ಟು ನೋಡುತ್ತಾ ನಿಂತ.

ನಾನು ತಿರುಗಿ ಬರುವಾಗ ನನ್ನ ಗಂಡ ಗೇಟಿನ ಎದುರು ನಿಂತು ಮಾತಾಡುತ್ತಿದ್ದರು. "ತಾತನ ತಪ್ಪಿಲ್ಲ. ನಾನು ಬಿಗಿಯದೆ ಸಹಿ ಹಾಕಿದೆ. ಸುಳ್ಳು ಹೇಳಿಕೊಂಡು ತಿರುಗಿದೆ." ಯಾರೋ ಒಬ್ಬರು, "ಹೋಗಲಿ ಬಿಡಿ ಸಾರ್, ನಾವೂ ದಿನಾ ಅದನ್ನೇ ಮಾಡೋದಲ್ವಾ" ಎಂದರು. ಉಳಿದವರು ನಕ್ಕರು. ತಾತ ನಗಲಿಲ್ಲ. ಒಬ್ಬ ಗುಮಾಸ್ತ ತನ್ನ ಸೈಕಲ್ಲನ್ನು ತಳ್ಳಿಕೊಂಡು ಬಂದು, "ತಾತಾ, ಹಿಂದಿನ ಚಕ್ರ ಓಲಾಡುತ್ತೆ, ಸ್ವಲ್ಪ ನೋಡು" ಎಂದಾಗ ಮಾತ್ರ ಮೆಲ್ಲಗೆ ಎದ್ದ.

ಹೊರಡುವಾಗ ಅವನು ಪಾನಾವನ್ನು ಕಾಗದದಲ್ಲಿ ಸುತ್ತಿ ನನಗೆ ಕೊಟ್ಟ, ನನ್ನ ಗಂಡನಿಗಲ್ಲ. "ಇನ್ನೊಮ್ಮೆ ವರ್ಗವಾದಾಗ ತಂದುಕೊಡಿ ಅಮ್ಮಾ."

ಇದಾದ ಮೇಲೆ ಅಂದೇ ರಾತ್ರಿ ನಿದ್ದೆ ಬಂತು ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಬರಲಿಲ್ಲ. ಬಸ್ಸು ಇನ್ನೂ ದಾಟುತ್ತಲೇ ಇತ್ತು. ಎಂವಿಪಿ ಕಾಲೋನಿಗೆ ಮರಳಿದ ಮೇಲೆ ನಾನು ದಿನಾ ಸಂಜೆ ದೀಪ ಹಚ್ಚಿದ ಕೂಡಲೇ ವರಾಂಡಕ್ಕೆ ಹೋಗಿ, ಇಪ್ಪತ್ತೇಳಕ್ಕೆ ಪಾನಾ ಹಾಕಿ ಎಳೆದು ನೋಡುತ್ತಿದ್ದೆ. ಸಹಿ ಹಾಕುತ್ತಿರಲಿಲ್ಲ. ನನ್ನ ಗಂಡ ಪೇಪರಿನ ಹಿಂದಿನಿಂದ ನೋಡುತ್ತಿದ್ದರು. ಒಮ್ಮೆ, "ಹೇಗಿದೆ?" ಎಂದರು. "ಇದೆ" ಎಂದೆ. ಬಿಸಿಬೇಳೆಭಾತಿನ ಮನೆಗಳಲ್ಲಿ ಅವರು ನಿಜವನ್ನು ಹೇಳಿದರು. ಅದು ಕಥೆಯಷ್ಟು ಯಾರಿಗೂ ಇಷ್ಟವಾಗಲಿಲ್ಲ.

ಒಂದು ಬುಧವಾರ ಬೆಳಿಗ್ಗೆ ಯಾರೋ ಬಾಗಿಲು ಬಡಿಯುವ ಸದ್ದಿಗೆ ಎದ್ದೆ. ಬಿಸಿಲು ಹಾಸಿಗೆಯ ಮೇಲೆ ಬಂದಿತ್ತು. ಪಕ್ಕದಲ್ಲಿ ಅವರು ಬಾಯಿ ತೆರೆದು, ಯಾವ ಶಿಸ್ತೂ ಇಲ್ಲದೆ ಗೊರಕೆ ಹೊಡೆಯುತ್ತಿದ್ದರು. ಬಾಗಿಲಲ್ಲಿ ಧಾರವಾಡದವರು, ಕೈಯಲ್ಲಿ ನಮ್ಮ ಹಾಲಿನ ಪಾತ್ರೆ.

"ಏನ್ರೀ ವೈನಿ, ಹಾಲಿನಾಂವ ಮೂರು ಸಲ ಒದರಿ ಹೋದ. ಇಬ್ಬರೂ ಅದೀರೋ ಇಲ್ಲೋ ಅಂತ ನೋಡಾಕ ಬಂದೆ."

ಗಂಟೆ ಎಷ್ಟು ಎಂದು ನಾನು ಕೇಳಲಿಲ್ಲ. ಹಾಲು ಒಲೆಗಿಟ್ಟ ಮೇಲೆ ನೆನಪಾಯಿತು: ಹಿಂದಿನ ಸಂಜೆ ಇಪ್ಪತ್ತೇಳನ್ನು ನೋಡುವುದು ಮರೆತೇಹೋಗಿತ್ತು.